ಸೈಕಲ್ಲಿನ ಕಾರಾರೋಹಣ ಮೀಮಾಂಸೆ

ಮನುಷ್ಯನನ್ನು ಹೊರಲೆಂದು ಹುಟ್ಟಿದ ಸೈಕಲ್ಲನ್ನು ಮನುಷ್ಯನೇ ಕಾರಿಗೆ ಹೊರಿಸಿ ಪರದೇಶಕ್ಕೆ ಒಯ್ಯುವ ಪದ್ಧತಿ ಯೂರೋಪಿನಲ್ಲಿ ಬಲವಾಗಿ ಬೇರೂರಿದ್ದರೂ ನಮ್ಮ ಪಂಡಿತರು ಅತ್ತ ತಿರುಗಿಯೂ ನೋಡಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನಕ್ಕೆ ಆಯ್ದ ಕ್ಷೇತ್ರ: ಜರ್ಮನಿಯ ಮ್ಯೂನಿಕ್‌ನಿಂದ ಹೊರಟು, ಆಸ್ಟ್ರಿಯಾ ದಾಟಿ, ಬ್ರೆನ್ನರ್ ಘಾಟಿ ಹತ್ತಿಳಿದು ಇಟಲಿಯ ಗಾರ್ಡಾ ಸರೋವರ ಮುಟ್ಟುವ ದಾರಿ. ಬೇಸಿಗೆಯ ಶನಿವಾರ ಈ ದಾರಿಯಲ್ಲಿ ಸೈಕಲ್ಲಿಲ್ಲದ ಕಾರು ಕಂಡರೆ ಅದು ದಾರಿ ತಪ್ಪಿ ಬಂದದ್ದೆಂದೇ ತಿಳಿಯತಕ್ಕದ್ದು.

ಮೊದಲು ಇತಿಹಾಸ. 1817ರ ಜೂನ್ 12ರಂದು ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬ ಮಹಾಶಯ ಎರಡು ಚಕ್ರದ ಮರದ ಗಾಡಿಯೇರಿ, ನೆಲಕ್ಕೆ ಕಾಲೊದೆಯುತ್ತ ಹೊರಟ. ಪೆಡಲ್ ಇನ್ನೂ ಹುಟ್ಟಿರಲಿಲ್ಲ. ಗಾಡಿಯ ತೂಕ ಸುಮಾರು 22 ಕಿಲೊ. ಇನ್ನೂರು ವರ್ಷಗಳ ಅವಿರತ ಸಂಶೋಧನೆಯ ಫಲವಾಗಿ ಇಂದಿನ ಬ್ಯಾಟರಿ ಸೈಕಲ್ 25 ಕಿಲೊ ತೂಗುತ್ತದೆ. ಡ್ರೈಸ್‌ನ ಕಾಲಕ್ಕೆ ಕಾರಿರಲಿಲ್ಲವಾದ್ದರಿಂದ, ಪಾಪ, ಆತ ಅದನ್ನು ಓಡಿಸಬೇಕಾಯಿತು.

ಸೈಕಲ್ಲಿಗೂ ಕಾರಿಗೂ ಇರುವ ಸಂಬಂಧದ ಬಗ್ಗೆ ಮೂರು ಮತಗಳಿವೆ. ಶೃಂಗೇರಿ, ಉಡುಪಿ, ಮೇಲುಕೋಟೆಗಳ ನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಿಂದಿನ ಸೀಟು ಮಡಚಿ ಸೈಕಲ್ಲನ್ನು ಒಳಗೇ ತುರುಕುವವರು ಅದ್ವೈತಿಗಳು. ಚೈನಿನ ಗ್ರೀಸು ಸೀಟಿಗೂ, ಸೀಟಿನಿಂದ ಬಿಳಿ ಅಂಗಿಗೂ ವ್ಯಾಪಿಸಿದ ಮೇಲೆ ಭೇದವೆಂಬುದು ಉಳಿಯುವುದಿಲ್ಲ. ಟಾಪಿನ ಮೇಲೆ ಕಟ್ಟುವವರು ದ್ವೈತಿಗಳು: ಕಾರು ಬೇರೆ, ಸೈಕಲ್ ಬೇರೆ, ತಾರತಮ್ಯ ನಿತ್ಯ. ಇದನ್ನು ಮರೆತವರಿಗೆ ನೆಲಮಾಳಿಗೆಯ ಪಾರ್ಕಿಂಗ್‌ನ ಬಾಗಿಲ ತೊಲೆ ಒಂದೇ ಏಟಿಗೆ ಬೋಧಿಸುತ್ತದೆ.

ಕಾರಿನ ಹಿಂದಿನ ಕೊಕ್ಕೆಗೆ ಸ್ಟ್ಯಾಂಡ್ ಸಿಕ್ಕಿಸುವವರು ವಿಶಿಷ್ಟಾದ್ವೈತಿಗಳು. ಇವರಿಗೆ ಸೈಕಲ್ ಕಾರಿನ ಶರೀರ, ಆದರೆ ಕಾರಲ್ಲ. ಇವರ ಕಷ್ಟವೆಲ್ಲ ಲೆಕ್ಕದ್ದು. ಕೊಕ್ಕೆ ತಡೆಯುವ ಭಾರ 75 ಕಿಲೊ ಎಂದಿಟ್ಟುಕೊಳ್ಳಿ. ಸ್ಟ್ಯಾಂಡಿನದು 18, ಎರಡು ಬ್ಯಾಟರಿ ಸೈಕಲ್ಲಿನದು 50, ಉಳಿದದ್ದು 7. ಮೂರನೆಯ ಸೈಕಲ್ಲಿನ ಯಜಮಾನರು ಮನೆಯಲ್ಲೇ ಇರತಕ್ಕದ್ದು.

ಇನ್ನು ಧರ್ಮಶಾಸ್ತ್ರ. ಸೈಕಲ್ಲು ನಂಬರ್ ಪ್ಲೇಟನ್ನು ಮರೆಮಾಡಿದರೆ ಜರ್ಮನಿಯಲ್ಲಿ ಅದೇ ನಂಬರಿನ ಇನ್ನೊಂದು ಪ್ಲೇಟನ್ನು ಸ್ಟ್ಯಾಂಡಿಗೆ ಹಾಕಬೇಕು. ಆಸ್ಟ್ರಿಯಾದವರು ತಮ್ಮ ಕಾರುಗಳಿಗೆ ಇದಕ್ಕೆಂದೇ ಕೆಂಪು ಪ್ಲೇಟು ಕೊಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಹಿಂದೆ ಕಟ್ಟಿದ ಸೈಕಲ್ ಪಕ್ಕಕ್ಕೆ 20 ಸೆಂ.ಮೀ. ತನಕ ಮಾತ್ರ ಚಾಚಬಹುದು. ಇಟಲಿಯಲ್ಲಿ ಕಾರಿನ ಹಿಂದೆ ಚಾಚಿದ ಹೊರೆಗೆ 50 ಸೆಂ.ಮೀ. ಚೌಕದ, ಓರೆಪಟ್ಟೆಯ, ಹೊಳೆಯುವ ಕೆಂಪು-ಬಿಳಿ ಫಲಕ ಕಡ್ಡಾಯ. ಸ್ಪೇನಿನಲ್ಲೂ ಅಷ್ಟೇ ದೊಡ್ಡದು, ಆದರೆ ಶಾಖಾಭೇದವಿದೆ: ಇಟಲಿಯದಕ್ಕೆ ಐದು ಕೆಂಪು ಪಟ್ಟೆ, ಸ್ಪೇನಿನದಕ್ಕೆ ಮೂರು. ಒಂದು ಮುಖ ಇಟಲಿಗೆ, ಇನ್ನೊಂದು ಮುಖ ಸ್ಪೇನಿಗೆ ಎಂದು ಎರಡೂ ಬದಿ ಮುದ್ರಿಸಿದ ಫಲಕಗಳೂ ಮಾರಾಟಕ್ಕಿವೆ. ಇವನ್ನು ಕೊಳ್ಳುವವರೇ ಉಭಯ ವೇದಾಂತಿಗಳು.

ಆಚರಣೆಯನ್ನು ಕಣ್ಣಾರೆ ನೋಡಲು ಸುಮಾರು 1370 ಮೀಟರ್ ಎತ್ತರದ ಬ್ರೆನ್ನರ್‌ನ ಪಾರ್ಕಿಂಗ್ ಪ್ರಶಸ್ತ. ಯಜಮಾನರು ಇಳಿಯುತ್ತಾರೆ. ಹೆಂಡತಿ ಮಕ್ಕಳು ಕಾಫಿಗೆ ಹೋದರೂ ಅವರು ಹೋಗುವುದಿಲ್ಲ. ಪ್ರತಿಯೊಂದು ಬೆಲ್ಟನ್ನೂ ಎಳೆದು ನೋಡುತ್ತಾರೆ. ಒಂದು ಸೈಕಲ್ಲಿನ ಪೆಡಲು ಇನ್ನೊಂದರ ಚಕ್ರದ ಕಡ್ಡಿಗಳ ನಡುವೆ ತೂರಿರುವುದನ್ನು ಕಂಡು ಹಿಮ್ಮುಖವಾಗಿ ತಿರುಗಿಸುತ್ತಾರೆ. ಅದು ಮತ್ತೆ ಅಲ್ಲಿಗೇ ಬರುತ್ತದೆ. ಕೊನೆಗೆ ಡಿಕ್ಕಿಯ ತಳದಿಂದ ಇಟಲಿಯ ಫಲಕ ತೆಗೆಯಲು ಸಾಮಾನೆಲ್ಲ ಕೆಳಗಿಳಿಸುತ್ತಾರೆ. ಸೂಟ್‌ಕೇಸಿನ ಮೇಲೆ ಹಾಕಬೇಕಾದ ವಸ್ತುವನ್ನು ಕೆಳಗೆ ಹಾಕುವುದು ಎಲ್ಲ ಮತಗಳಿಗೂ ಸಮಾನವಾದ ಆಚಾರ.

ಪೂರ್ವಪಕ್ಷ: ಮ್ಯೂನಿಕ್‌ನಿಂದ ಸೀಟು ಕಾಯ್ದಿರಿಸಿ ಸೈಕಲ್ಲನ್ನು ರೈಲಿನಲ್ಲೇ ರೊವೆರೆತೊವರೆಗೆ ಒಯ್ದು, ಅಲ್ಲಿಂದ ಸರೋವರಕ್ಕೆ ಸೈಕಲ್ ದಾರಿಯಲ್ಲೇ ತುಳಿದುಕೊಂಡು ಹೋಗಬಹುದಲ್ಲ? ಮೂರೂ ಮತದವರು ಇದಕ್ಕೆ ಉತ್ತರಿಸಿಲ್ಲವಾದ್ದರಿಂದ ಈ ಪ್ರಬಂಧವೂ ಉತ್ತರಿಸುವುದಿಲ್ಲ.

ಸಿದ್ಧಾಂತ: ಕಾರಿಗೆ ಕೊಕ್ಕೆಯಿದ್ದು, ಸೈಕಲ್ ಎರಡೇ ಇದ್ದರೆ ಒಯ್ಯಿರಿ. ಉಳಿದವರು ಕೈಬೀಸಿಕೊಂಡು ಹೋಗಿ; ಸರೋವರದ ದಡದ ರಿವಾದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳಿಗೇನೂ ಬರವಿಲ್ಲ.