ಪೇಪರ್ ಟೌನಿನ ಫೈನಲ್ ಇಯರ್ ರಾಯರು

ಭದ್ರಾವತಿಯ ಪೇಪರ್ ಟೌನಿನಲ್ಲಿ 'ಫೈನಲ್ ಇಯರ್ ರಾಯರು' ಎಂದರೆ ಸಾಕು, ಚಿಕ್ಕ ಮಕ್ಕಳೂ ಮನೆ ತೋರಿಸುತ್ತವೆ. ಹೆಸರು ಬೇಡ ಬಿಡಿ. ಇಂಥವರು ಹೊಸಮನೆಯಲ್ಲೂ ಇದ್ದಾರೆ, ಶಿವಮೊಗ್ಗದ ದುರ್ಗಿಗುಡಿಯಲ್ಲೂ ಸಿಗುತ್ತಾರೆ.

ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದವರಿಗೆ ಮೈಸೂರು ಪೇಪರ್ ಮಿಲ್ಸ್‌ನಲ್ಲಿ, ಅಂದರೆ ಎಂಪಿಎಂನಲ್ಲಿ, ಕೆಲಸ ಸಿಕ್ಕಿತು, ಕಾಲೇಜಿಗೆ ಕೈಮುಗಿದರು. ಆ ಕಾಲಕ್ಕೆ ಅದು ಜಾಣತನವೇ. ಕ್ವಾರ್ಟರ್ಸು, ಕ್ಯಾಂಟೀನು, ಬೋನಸ್ಸು ಇರುವಾಗ ಡಿಗ್ರಿ ಯಾರಿಗೆ ಬೇಕಿತ್ತು? ಯಾರಾದರೂ ಕೇಳಿದರೆ, "ಉಳಿದದ್ದು ಫೈನಲ್ ಇಯರ್ ಒಂದೇ ಕಣ್ರೀ" ಎನ್ನುತ್ತಿದ್ದರು. ಹಾಗೆನ್ನುತ್ತಲೇ ತಲೆ ನೆರೆಯಿತು. 1936ರಲ್ಲಿ ಹುಟ್ಟಿದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ನಾಡಿಗೆಲ್ಲ ಕಾಗದ ಮಾಡಿ ಕಳಿಸಿದವರು ವಿಆರ್‌ಎಸ್ ತಗೊಂಡು ಹೊರಗೆ ಬಂದು ನೋಡಿದರೆ, ತಮ್ಮ ಹೆಸರು ಬರೆದ ಹಾಳೆ ಮಾತ್ರ ಒಂದೂ ಇಲ್ಲ!

ಅದು ಎದೆಗೆ ಚುಚ್ಚಿದ್ದು ಹಿರಿಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡುವಾಗ. ಬೀಗರ ಕಡೆಯವರ ಹೆಸರಿನ ಮುಂದೆಲ್ಲ ಬಿ.ಇ., ಎಂ.ಕಾಂ.; ರಾಯರ ಹೆಸರಿನ ಮುಂದೆ ಬರೀ ಖಾಲಿ ಜಾಗ. ಕಿರಿಮಗಳ ಮದುವೆಯೊಳಗೆ ಅದನ್ನು ತುಂಬಲೇಬೇಕೆಂದು ಹಟ ಹಿಡಿದರು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕ ಸುದ್ದಿ ಬಂದಾಗ, "ಅದಕ್ಕೂ ಗ್ಯಾಪು, ನನಗೂ ಗ್ಯಾಪು, ಜೋಡಿ ಸರಿಹೋಯ್ತು" ಎಂದು ಅರ್ಜಿ ಹಾಕಿಯೇಬಿಟ್ಟರು. ಮತ್ತೆ ಮೊದಲ ವರ್ಷದಿಂದ!

ಸಂಪರ್ಕ ತರಗತಿಗೆ ಶಿವಮೊಗ್ಗದ ಬಸ್ಸು ಹತ್ತುವಾಗ ಅವರ ಠೀವಿ ನೋಡಬೇಕು. ಇಸ್ತ್ರಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಅವಲಕ್ಕಿ ಡಬ್ಬಿ. ತರಗತಿಯೊಳಗೆ ಕಾಲಿಟ್ಟರೆ ಮಕ್ಕಳೆಲ್ಲ ಮೇಷ್ಟ್ರು ಬಂದರೆಂದು ಎದ್ದು ನಿಲ್ಲುತ್ತಾರೆ. ಇವರೂ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡುವುದುಂಟು.

ಪರೀಕ್ಷೆಯ ಕಥೆಯೇ ಬೇರೆ. ಉತ್ತರಪತ್ರಿಕೆ ಕೈಗೆ ಬಂದೊಡನೆ ನಂಬರು ಬರೆಯುವ ಬದಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಲ್ಲಿ ಸವರಿದರು. "ಜಿಎಸ್‌ಎಂ ಕಮ್ಮಿ, ಹಾಳೆ ತೆಳು. ನಮ್ಮ ಕಾಲದಲ್ಲಾಗಿದ್ರೆ ಈ ಮಾಲು ಗೇಟು ದಾಟ್ತಿರಲಿಲ್ಲ" ಎಂದರು. ಕೊಠಡಿ ಮೇಲ್ವಿಚಾರಕಿ ಪಕ್ಕದ ಬೀದಿಯ ಹುಡುಗಿ. "ಅಂಕಲ್, ಬರೀರಿ" ಎಂದಳು.

ಇತಿಹಾಸದ ಪತ್ರಿಕೆಯಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆಗಳ ಬಗ್ಗೆ ಟಿಪ್ಪಣಿ ಕೇಳಿದ್ದರು. ರಾಯರು 1923ರಲ್ಲಿ ಭದ್ರಾವತಿಯಲ್ಲಿ ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲಿನಿಂದ ಕಬ್ಬಿಣ ಕರಗಿಸಿದ್ದು, ವಿಶ್ವೇಶ್ವರಯ್ಯನವರೇ ಬಂದು ಕಾರ್ಖಾನೆಯ ಚುಕ್ಕಾಣಿ ಹಿಡಿದದ್ದು ಬರೆದು, ಪೇಪರ್ ಮಿಲ್ಲಿನ ಕ್ಯಾಂಟೀನಿನ ಉಪ್ಪಿಟ್ಟಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದ ಪ್ರಶ್ನೆಗಳು ಹಾಗೇ ಉಳಿದವು. ಆ ಪತ್ರಿಕೆ ಎರಡನೇ ಸಲಕ್ಕೆ ಪಾಸಾಯಿತು.

ಈಗ ಬಾಕಿ ಇರುವುದು ಇಂಗ್ಲಿಷ್ ಒಂದೇ. ಕಿರಿಮಗಳಿಗೆ ಗಂಡು ಗೊತ್ತಾಗಿದೆ, ಪ್ರೆಸ್ಸಿನವನು ಅವಸರ ಮಾಡುತ್ತಿದ್ದಾನೆ. ನಿಮ್ಮ ಅಟ್ಟದಲ್ಲಿ ಹಳೇ ಇಂಗ್ಲಿಷ್ ಗೈಡ್ ಬಿದ್ದಿದ್ದರೆ ದಯವಿಟ್ಟು ರಾಯರಿಗೆ ತಲುಪಿಸಿ. ಹಾಳೆಯ ಗುಣಮಟ್ಟದ ಬಗ್ಗೆ ಮಾತ್ರ ಮಾತೆತ್ತಬೇಡಿ.