ಒಳಉಡುಪಿನ ಊರಿನ ಒಳಗುಟ್ಟು

ಭಾರತದ ಗಂಡಸರ ಮಾನವನ್ನು ತೀರಾ ಹತ್ತಿರದಿಂದ ಕಾಪಾಡುವ ಊರು ತಿರುಪ್ಪೂರು. ಬನಿಯನ್ನು, ಚಡ್ಡಿ, ಟೀ ಶರ್ಟುಗಳನ್ನು ಹೆಣೆದು ಹೊಲಿದು ಹಡಗು ಹತ್ತಿಸುವ ಆ ಊರಿನಲ್ಲಿ ಸೊಂಟದ ಎಲಾಸ್ಟಿಕ್ಕು ಎಷ್ಟು ಬಿಗಿಯಿರಬೇಕು ಎಂಬುದನ್ನು ಹಿರಿಯರು ಕಿರಿಯರೆನ್ನದೆ, ನಾಚಿಕೆಯಿಲ್ಲದೆ, ದಿನವಿಡೀ ಚರ್ಚಿಸುತ್ತಾರೆ. ಆದರೆ ಅದೇ ಎಲಾಸ್ಟಿಕ್ಕಿನ ಸ್ವಲ್ಪ ಕೆಳಗೆ, ತೊಡೆಸಂದಿನಲ್ಲಿ, ನಿಂತಾಗ ಇಣುಕಿ ಮಲಗಿದಾಗ ಮಾಯವಾಗುವ ಉಬ್ಬೊಂದು ಕಾಣಿಸಿಕೊಂಡರೆ ಮಾತು ಬಂದ್. ಪಕ್ಕದ ಕೊಯಮತ್ತೂರಿನಲ್ಲೂ ಇದೇ ಕಥೆ. ಅಲ್ಲಿ ಪಂಚೆಯನ್ನು ಇನ್ನೊಂದು ಸುತ್ತು ಸಡಿಲವಾಗಿ ಉಟ್ಟರೆ ಚಿಕಿತ್ಸೆ ಮುಗಿಯಿತು. ಹರ್ನಿಯಾ ಎಂಬ ಈ ತೊಂದರೆಯನ್ನು ಜಗತ್ತಿನಲ್ಲಿ ಯಾರಾದರೂ ಸಲೀಸಾಗಿ ಅರ್ಥಮಾಡಿಕೊಳ್ಳಬೇಕಾಗಿದ್ದರೆ ಅದು ಈ ಎರಡು ಜಿಲ್ಲೆಗಳ ಜನ ಎಂಬುದು ನನ್ನ ವಾದ. ಏಕೆಂದರೆ ಇದು ಮೂಲತಃ ಬಟ್ಟೆಯ ತಕರಾರು.

ಹೊಟ್ಟೆಯ ಗೋಡೆಯೆಂದರೆ ಸ್ನಾಯು ಮತ್ತು ನಾರಿನ ಪದರಗಳ ಒಂದು ನೇಯ್ಗೆ. ಗಂಡುಮಗು ತಾಯಿಯ ಗರ್ಭದಲ್ಲಿರುವಾಗ ಅದರ ವೃಷಣಗಳು ಹೊಟ್ಟೆಯೊಳಗಿಂದ ಇಳಿದು ಚೀಲ ಸೇರುತ್ತವೆ; ಇಳಿದ ದಾರಿ ತೊಡೆಸಂದಿನಲ್ಲಿ ಉಳಿದುಬಿಡುತ್ತದೆ. ಸೃಷ್ಟಿಕರ್ತ ಉಳಿದೆಲ್ಲವನ್ನೂ ಅಂದವಾಗಿ ಹೊಲಿದು ಇಲ್ಲಿ ಮಾತ್ರ ಕಾಜಾ ಬಿಟ್ಟು ಗುಂಡಿ ಹಚ್ಚುವುದನ್ನು ಮರೆತಿದ್ದಾನೆ. ಹೊಟ್ಟೆಯೊಳಗಿನ ಒತ್ತಡ ಏರಿದಾಗಲೆಲ್ಲ ಕೊಬ್ಬು, ಕರುಳು ಆ ಸಂದಿಯಿಂದ ಹೊರಗೆ ತಲೆ ಹಾಕುತ್ತವೆ. ಜೀವಮಾನದಲ್ಲಿ ಇಂಥ ಹರ್ನಿಯಾ ಆಗುವ ಸಂಭವ ಗಂಡಸರಲ್ಲಿ ಸುಮಾರು ಶೇಕಡ 27, ಹೆಂಗಸರಲ್ಲಿ ಶೇಕಡ 3 ಎಂದು ಇಂಗ್ಲೆಂಡಿನ ಲೆಕ್ಕ. ನಾಲ್ವರಲ್ಲಿ ಒಬ್ಬನಿಗೆ ಬರುವುದನ್ನು ಗುಟ್ಟು ಎನ್ನುವುದಾದರೆ ಬೋಳುತಲೆಯೂ ಗುಟ್ಟೇ.

ಭಾರ ಎತ್ತಿದ್ದರಿಂದಲೇ ಬಂತು, ಎತ್ತುವುದು ಬಿಟ್ಟರೆ ಹೋಗುತ್ತದೆ ಎಂಬುದು ಮೊದಲ ಆಕ್ಷೇಪ. ಬಟ್ಟೆಯ ಬೇಲು, ಪಂಪಿನ ಎರಕ, ಗ್ರೈಂಡರಿನ ಕಲ್ಲು ಇವೇ ಬದುಕಾದ ಸೀಮೆಯಲ್ಲಿ ಈ ನಂಬಿಕೆ ಸಹಜ. ಭಾರಕ್ಕೆ ಪಾಲೇ ಇಲ್ಲವೆಂದಲ್ಲ. ಆದರೆ ಹುಟ್ಟಾ ಉಳಿದ ಸಂದಿ, ವಯಸ್ಸಿಗೆ ಸವೆದ ನಾರು, ವರ್ಷಾನುಗಟ್ಟಲೆಯ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ಊದಿ ಮೂತ್ರಕ್ಕೆ ತಿಣುಕುವುದು, ಇವೆಲ್ಲ ಪಾಲುದಾರರು. ನೂಲಿನ ಗಿರಣಿಗಳಿಂದಲೇ ದಕ್ಷಿಣದ ಮ್ಯಾಂಚೆಸ್ಟರ್ ಎನಿಸಿಕೊಂಡ ಕೊಯಮತ್ತೂರಿನಲ್ಲಿ ಹತ್ತಿಯ ಧೂಳು ಕುಡಿದು ಕೆಮ್ಮುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಮ್ಮನ್ನು ಹಾಗೇ ಬಿಟ್ಟು ಹರ್ನಿಯಾ ಹೊಲಿಸಿದರೆ ಹೊಲಿಗೆಯನ್ನು ಪ್ರತಿದಿನ ನೂರು ಸಲ ಎಳೆದು ಪರೀಕ್ಷಿಸಿದಂತೆ. ಇನ್ನು, ಒಮ್ಮೆ ಬಿಟ್ಟ ಸಂದಿ ದೊಡ್ಡವರಲ್ಲಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಎಣ್ಣೆ, ಲೇಹ್ಯ, ಆಸನಗಳಿಂದಲೂ ಇಲ್ಲ. ತೊಳೆದರೆ ತೂತು ಮುಚ್ಚುವ ಬನಿಯನ್ನನ್ನು ತಿರುಪ್ಪೂರು ಇನ್ನೂ ತಯಾರಿಸಿಲ್ಲ.

ಹಾಗಾದರೆ ಬೆಲ್ಟು? ಔಷಧದಂಗಡಿಯಲ್ಲಿ ಯಾರೂ ಏನೂ ಕೇಳದೆ ಕೊಡುತ್ತಾರೆ ಎಂಬುದೇ ಅದರ ದೊಡ್ಡ ಗುಣ. ಬೆಲ್ಟು ತೂತನ್ನು ಮುಚ್ಚುವುದಿಲ್ಲ, ಮರೆಮಾಡುತ್ತದೆ. ಶಸ್ತ್ರಕ್ರಿಯೆ ತಾಳಲಾರದ ದೇಹಸ್ಥಿತಿಯವರಿಗೆ ವೈದ್ಯರು ಹೇಳಿದರೆ ಸರಿ. ಕರುಳು ಹೊರಗೇ ಇರುವಾಗ ಮೇಲಿಂದ ಬಿಗಿದರೆ ಅದು ಕರುಳನ್ನೇ ಅದುಮುತ್ತದೆ.

ನೋವಿಲ್ಲ, ಮಲಗಿದರೆ ಒಳಗೆ ಹೋಗುತ್ತದೆ, ಅವಸರವೇನು ಎಂಬುದು ಗಟ್ಟಿ ಆಕ್ಷೇಪ. ಇಲ್ಲಿ ಪುರಾವೆ ಸೋಮಾರಿಗಳ ಕಡೆಗೇ ಇದೆ ಎಂದು ಒಪ್ಪಬೇಕು. 2006ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದು ಹೆಚ್ಚು ತೊಂದರೆಯಿಲ್ಲದ 720 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ ಶಸ್ತ್ರಕ್ರಿಯೆ ಮಾಡಿಸಿ, ಉಳಿದವರನ್ನು ಗಮನಿಸುತ್ತಾ ಕಾಯಿತು. ಕಾದವರಲ್ಲಿ ಕರುಳು ಸಿಕ್ಕಿಕೊಂಡ ತುರ್ತು ಪ್ರಸಂಗ ವರ್ಷಕ್ಕೆ ಸಾವಿರದಲ್ಲಿ ಇಬ್ಬರಿಗಿಂತ ಕಡಿಮೆ. ಆದರೆ ಅವರನ್ನು ಹತ್ತು ವರ್ಷ ಹಿಂಬಾಲಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲಿನವರು ಹೆಚ್ಚಾಗಿ ನೋವಿನಿಂದಾಗಿ ತಾವೇ ಬಂದು ಮೇಜು ಹತ್ತುವ ಲೆಕ್ಕ ಸಿಕ್ಕಿತು. ಕಾಯಬಹುದು ಅಂದರೆ ವೈದ್ಯರಿಗೆ ತೋರಿಸಿ ಕಾಯಬಹುದು. ಪಂಚೆಗೆ ಮಾತ್ರ ತಿಳಿಸಿ ಕಾಯುವವರನ್ನು ಆ ಅಧ್ಯಯನ ಲೆಕ್ಕಕ್ಕೆ ಹಿಡಿದಿಲ್ಲ. ಹೆಂಗಸರಿಗಂತೂ ಈ ರಿಯಾಯಿತಿಯೇ ಇಲ್ಲ. ಅವರಲ್ಲಿ ಕರುಳು ಬೇಗ ಸಿಕ್ಕಿಕೊಳ್ಳುವ ಬಗೆಯ ಹರ್ನಿಯಾ ಹೆಚ್ಚು. ಉಬ್ಬು ಗಟ್ಟಿಯಾಗಿ, ನೋಯತೊಡಗಿ, ಒಳಗೆ ಹೋಗದೆ, ವಾಂತಿ ಶುರುವಾಗಿ, ಹೂಸೂ ಬಾರದೆ ನಿಂತರೆ ರಕ್ತ ಓಡದ ಕರುಳು ಕೆಲವು ಗಂಟೆಗಳಲ್ಲೇ ಸಾಯಬಹುದು. ಆಗ ಅದುಮಿ ಒಳಗೆ ತಳ್ಳುವ ಸಾಹಸ ಬೇಡ. ಆ ಕ್ಷಣವೇ ಆಸ್ಪತ್ರೆ.

ಕತ್ತಿಯ ಹೆದರಿಕೆಯೊಂದು ಉಳಿಯಿತು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರು ಕೊಯಮತ್ತೂರಿನಲ್ಲಿ ಬಹಳ ಮಂದಿ. ವಿಜಯದಶಮಿಯಂದು ಚೌಡೇಶ್ವರಿಯ ಮುಂದೆ ಕತ್ತಿಯಿಂದ ಎದೆ, ತೋಳು ಕೊಯ್ದುಕೊಂಡು, ಗಾಯಕ್ಕೆ ಭಂಡಾರ ಹಚ್ಚಿ ಕುಣಿಯುತ್ತಾ ಸಾಗುವ ಶೂರರು ಆ ಸಮುದಾಯದಲ್ಲಿದ್ದಾರೆ. ಅಂಥ ಊರಿನವರು ಮಂಪರಿನಲ್ಲಿ ಮಲಗಿಸಿ ಕೊಯ್ಯುವ ಡಾಕ್ಟರಿಗೆ ಹೆದರುತ್ತೇವೆಂದರೆ ಅಮ್ಮನೂ ನಂಬಲಾರಳು. ಅದರಲ್ಲೂ ಕೊಯಮತ್ತೂರು ಡಾ. ಸಿ. ಪಳನಿವೇಲು ಅವರಂಥವರಿಂದಾಗಿ ಲ್ಯಾಪರೊಸ್ಕೋಪಿಗೆ ಹೆಸರಾದ ಊರು. ಎರಡು ಮೂರು ಚಿಕ್ಕ ತೂತುಗಳಲ್ಲೇ ಕೆಲಸ ಮುಗಿಯುವುದುಂಟು. ದುಡ್ಡಿಲ್ಲದವರಿಗೆ ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಸಿಂಗಾನಲ್ಲೂರಿನ ಇಎಸ್‌ಐ ಇದೆ, 2022ರಿಂದ ತಿರುಪ್ಪೂರಿಗೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ.

ಶಸ್ತ್ರಕ್ರಿಯೆಯ ಚರಿತ್ರೆಯನ್ನೇ ನೋಡಿ, ಅದು ದರ್ಜಿಗಳ ಚರಿತ್ರೆ. 1880ರ ದಶಕದಲ್ಲಿ ಇಟಲಿಯ ಎಡೊಆರ್ಡೊ ಬಸ್ಸೀನಿ ಸಂದಿಯ ಅಂಚುಗಳನ್ನು ಪದರಪದರವಾಗಿ ಎಳೆದು ಹೊಲಿಯುವುದನ್ನು ಕಲಿಸಿದರು. ಎಳೆದು ಹೊಲಿದದ್ದು ಎಳೆತಕ್ಕೇ ಬಿರಿಯುತ್ತದೆ ಎಂಬುದು ಯಾವ ಟೈಲರಿಗೂ ಗೊತ್ತು. ಶಸ್ತ್ರವೈದ್ಯರಿಗೆ ಅದು ಪೂರ್ತಿ ಮನವರಿಕೆಯಾಗಲು ನೂರು ವರ್ಷ ಬೇಕಾಯಿತು. ಅಂಚುಗಳನ್ನು ಎಳೆಯದೆ ಮೇಲೊಂದು ತೇಪೆ ಹಾಕುವ ವಿಧಾನವನ್ನು ಅಮೆರಿಕದ ಲಿಕ್ಟನ್‌ಸ್ಟೈನ್ ಅವರ ತಂಡ 1989ರಲ್ಲಿ ಸಾವಿರ ರೋಗಿಗಳ ಫಲಿತಾಂಶದೊಂದಿಗೆ ಮುಂದಿಟ್ಟಿತು. ಆ ತೇಪೆ ಪಾಲಿಪ್ರೊಪಿಲೀನ್ ಎಳೆಯಿಂದ ಹೆಣೆದ ಬಲೆ. ನೇಯ್ದದ್ದಲ್ಲ ಸ್ವಾಮಿ, ಹೆಣೆದದ್ದು, ತಿರುಪ್ಪೂರಿನ ಬನಿಯನ್ನಿನ ದೂರದ ನೆಂಟ. ಇದರ ಬೆಲೆ ಬಡವರಿಗೆ ಭಾರವೆಂದು ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೊಂಗಾವಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸಿ, ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಪರದೇಶದವರು ಮೂಗು ಮುರಿದಿರಬಹುದು. ಆದರೆ 2016ರಲ್ಲಿ ಉಗಾಂಡಾದ ಸುಮಾರು ಮುನ್ನೂರು ಗಂಡಸರ ಮೇಲಿನ ಪ್ರಯೋಗದಲ್ಲಿ ಅಗ್ಗದ ಸೊಳ್ಳೆಬಲೆ ದುಬಾರಿ ಬಲೆಗೆ ಸಮನಾಗಿ ನಿಂತಿತು. ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ಅಗ್ಗದ ಗುಂಪಿನ ಒಬ್ಬನಿಗೆ ಮಾತ್ರ. ಸೊಳ್ಳೆಪರದೆಗೆ ಹೆಸರಾದ ಕರೂರು ತಿರುಪ್ಪೂರಿಗೆ ನೆರೆಯ ಜಿಲ್ಲೆ. ಹಾಗೆಂದು ಮನೆಯ ಪರದೆಯಿಂದ ತುಂಡು ಕತ್ತರಿಸಿಕೊಂಡು ಆಸ್ಪತ್ರೆಗೆ ಹೊರಡಬಾರದು. ಯಾವ ಎಳೆ, ಎಷ್ಟು ಶಾಖದ ಶುದ್ಧಿ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕಿದೆ.

ಮೈಯೊಳಗೆ ಪ್ಲಾಸ್ಟಿಕ್ಕೇ ಎಂದು ಹುಬ್ಬೇರಿಸುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹರ್ನಿಯಾ ಹೊಲಿಸಿಕೊಂಡ ಹತ್ತರಲ್ಲಿ ಒಬ್ಬನಿಗೆ ತಿಂಗಳುಗಟ್ಟಲೆ ಸ್ವಲ್ಪವಾದರೂ ನೋವು ಉಳಿಯುತ್ತದೆ. ಬಲೆ ಹಾಕದೆ ಹೊಲಿದರೂ ಉಳಿಯುತ್ತದೆ, ಮರುಕಳಿಸುವುದು ಮಾತ್ರ ಹೆಚ್ಚು. ಈ ಲೆಕ್ಕವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಇದಕ್ಕಿಂತ ಜನಪ್ರಿಯವಾದದ್ದು ಆಮೇಲಿನ ವಿಶ್ರಾಂತಿಯ ವಾದ. ಆರು ತಿಂಗಳು ಏನನ್ನೂ ಎತ್ತಬಾರದಂತೆ ಎಂದು ಘೋಷಿಸುವ ಗಂಡಂದಿರಿಗೆ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ದ್ರೋಹ ಬಗೆದಿದೆ: ಮೈಗೆ ಹಿತವೆನಿಸಿದ ಕೂಡಲೇ ದಿನದ ಕೆಲಸಗಳಿಗೆ ಮರಳಬಹುದು ಎನ್ನುತ್ತದೆ ಅದು. ಬೇಲು ಹೊರುವವರು ತಮ್ಮ ಸರ್ಜನ್ನರನ್ನು ಕೇಳಲಿ. ಇಡ್ಲಿ ಹಿಟ್ಟಿನಿಂದ ತಪ್ಪಿಸಿಕೊಳ್ಳಲು ಗ್ರೈಂಡರಿನ ಕಲ್ಲನ್ನು ನೆಪ ಮಾಡುವವರಿಗೆ ಮಾತ್ರ ದಾರಿಯಿಲ್ಲ. ಕಲ್ಲು ಎತ್ತದೆ ಪಾತ್ರೆಯನ್ನೇ ಬಗ್ಗಿಸಿ ಹಿಟ್ಟು ತೆಗೆಯುವ ಟಿಲ್ಟಿಂಗ್ ಗ್ರೈಂಡರನ್ನು ಕೊಯಮತ್ತೂರೇ ತಯಾರಿಸಿ ದೇಶಕ್ಕೆಲ್ಲ ಮಾರುತ್ತಿದೆ.