ಶ್ವಾನಕ್ರಯ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಈ ಶಾಸ್ತ್ರದ ವಿಷಯ, ನಾಯಿಮರಿ. ಪ್ರಯೋಜನ, ಮಗಳ ಹುಟ್ಟುಹಬ್ಬದೊಳಗೆ ಅದು ಮನೆಗೆ ಬರುವುದು. ಅಧಿಕಾರಿ ಯಾರೆಂದರೆ, ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಸೈಬೀರಿಯದ ಹಸ್ಕಿ ಸಾಕುತ್ತೇನೆಂದು ಹೊರಟ ಗೃಹಸ್ಥ. ಸಂಬಂಧವೋ, ಕೊಳ್ಳುವವನ ಖಾತೆಗೂ ಮಾರುವವನ ಕ್ಯೂಆರ್ ಕೋಡಿಗೂ ನಡುವೆ ಇರುವ ಏಕಮುಖ ಸಂಬಂಧ. ಮಂಗಳಾಚರಣೆಯನ್ನು ಕಾಲಭೈರವನಿಗೆ ಸಲ್ಲಿಸಿದ್ದೇವೆ. ಅವನ ಜೊತೆಗಿರುವ ನಾಯಿ ಯಾವ ತಳಿಯದೆಂದು ಈವರೆಗೆ ಯಾವ ಭಕ್ತನೂ ಕೇಳಿಲ್ಲ.

ಕನ್ನಡ ನಾಡಿನಲ್ಲಿ ನಾಯಿಯ ಹಸ್ತಾಂತರಕ್ಕೆ ಸಿಗುವ ಅತ್ಯಂತ ಗಟ್ಟಿ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಗಂಗರ ಇಮ್ಮಡಿ ಬೂತುಗ ಕೃಷ್ಣನ ಪಕ್ಷದಲ್ಲಿದ್ದ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿದ್ವಾಂಸರು ಇದನ್ನು ಲಿಪಿಗಾಗಿ ಓದಿದ್ದಾರೆ, ಚೋಳ ಚರಿತ್ರೆಗಾಗಿ ಓದಿದ್ದಾರೆ. ವ್ಯವಹಾರದ ಕಣ್ಣಿನಿಂದ ಓದಿದವರಿಲ್ಲ. ಹಾಗೆ ಓದಿದರೆ ತಿಳಿಯುವುದಿಷ್ಟು. ಮಣಲೆರನಿಗೆ ನಾಯಿಯ ಗುಣ ಮೊದಲೇ ಗೊತ್ತಿತ್ತು. ಕೊಟ್ಟವನ ಮನೆ ಎಲ್ಲಿದೆಯೆಂದೂ ಗೊತ್ತಿತ್ತು. ನಾಯಿ ಗಟ್ಟಿಮುಟ್ಟಾಗಿತ್ತು ಎಂಬುದಕ್ಕೆ ಹಂದಿಯೇ ಸಾಕ್ಷಿ. ಟೋಕನ್ ಅಡ್ವಾನ್ಸಿನ ಪ್ರಸ್ತಾಪ ಶಾಸನದಲ್ಲಿ ಎಲ್ಲಿಯೂ ಇಲ್ಲ.

ಆಮೇಲಿನ ಸಾವಿರ ವರ್ಷಗಳಲ್ಲಿ ನಡೆದಿರುವುದು ಕೇವಲ ಪ್ರಮಾಣಶಾಸ್ತ್ರದ ಕುಸಿತ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದರು. ಇಂದಿನ ಗ್ರಾಹಕ ಮೊದಲ ಮೂರನ್ನು ಕೈಬಿಟ್ಟು ಶಬ್ದವೊಂದನ್ನೇ ನೆಚ್ಚಿದ್ದಾನೆ. ಅದೂ ವಾಟ್ಸಾಪ್ ವಾಯ್ಸ್ ಮೆಸೇಜಿನ ಶಬ್ದ. ಅದರಲ್ಲಿ ಬರುವ ಪಾರಿಭಾಷಿಕ ಪದಗಳು ಹೀಗಿರುತ್ತವೆ: 'ಡಬಲ್ ಬೋನ್ ಸಾರ್, ಪಂಚ್ ಫೇಸ್, ಉಲ್ಲಿ ಕೋಟ್, ಇಂಪೋರ್ಟ್ ಲೈನ್.' ನಾಯಿಯ ದೇಹದಲ್ಲಿ ಇರುವ ಮೂಳೆಗಳು ಸುಮಾರು 320. ಡಬಲ್ ಬೋನ್ ಲ್ಯಾಬ್ರಡಾರಿನಲ್ಲಿ 640 ಇರಬೇಕು; ಎಣಿಸಿ ತೋರಿಸಿದ ಮಾರಾಟಗಾರ ನಮಗೆ ಸಿಕ್ಕಿಲ್ಲ. ಇಂಪೋರ್ಟ್ ಲೈನಿನ ಬಗ್ಗೆ ಹೇಳುವುದಾದರೆ, ಮಾರಾಟದ ಉದ್ದೇಶಕ್ಕೆ ನಾಯಿ ತರಿಸಿಕೊಳ್ಳುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ತಡೆ ಹಾಕಿತು. ಅನಂತರವೂ ನಮ್ಮ ಬಡಾವಣೆಗಳಲ್ಲಿ ಅಪ್ಪ ರಷ್ಯಾದವನಲ್ಲದ ಮರಿಯೇ ಹುಟ್ಟುತ್ತಿಲ್ಲ. ಪಾಮೆರೇನಿಯನ್ ಎಂದು ಎರಡು ತಲೆಮಾರು ಸಾಕಿದ ಬಿಳಿ ನಾಯಿ ಇಂಡಿಯನ್ ಸ್ಪಿಟ್ಜ್ ಎಂಬ ಸತ್ಯವನ್ನು ಇಲ್ಲಿ ಬಹಿರಂಗಪಡಿಸಿ ಯಾರ ಬಾಲ್ಯವನ್ನೂ ಕೆಡಿಸುವ ಇರಾದೆ ನಮಗಿಲ್ಲ.

ಈಗ ಆನ್‌ಲೈನ್ ಪ್ರಕರಣ. ಇದನ್ನು ಹಲವರು ಮೋಸವೆಂದು ಕರೆದಿದ್ದಾರೆ. ನಾವು ಇದನ್ನು ಷೋಡಶೋಪಚಾರ ಪೂಜೆಯೆಂದೇ ಪರಿಗಣಿಸುತ್ತೇವೆ, ಏಕೆಂದರೆ ದೇವರು ಕಣ್ಣಿಗೆ ಬೀಳುವುದಿಲ್ಲ ಮತ್ತು ಖರ್ಚು ಪೂರ್ತಿ ಭಕ್ತನದು. ಅರವತ್ತು ಸಾವಿರದ ಮರಿಗೆ ಆರು ಸಾವಿರವೆಂಬ ಜಾಹೀರಾತೇ ಧ್ಯಾನ. ಮಾರುವವರು ಸೈನ್ಯದಲ್ಲಿದ್ದಾರೆ, ವರ್ಗವಾಗಿದೆ, ಒಳ್ಳೆಯ ಮನೆಗೆ ಸೇರಿದರೆ ಸಾಕು, ದುಡ್ಡು ಮುಖ್ಯವಲ್ಲ ಎನ್ನುತ್ತಾರೆ. ಎರಡು ಸಾವಿರ ಮುಂಗಡ ಕಳಿಸಿದಾಗ ಆವಾಹನೆ. ವಿಮಾನದಲ್ಲಿ ಬರುವ ಮರಿಗೆ ಪೆಟ್ಟಿಗೆ ಬೇಕು, ಅದು ಆಸನ, ನಾಲ್ಕು ಸಾವಿರ, ಆಮೇಲೆ ವಾಪಸ್ ಕೊಡುತ್ತಾರಂತೆ. ಇನ್ಶೂರೆನ್ಸೇ ವಸ್ತ್ರ. ಮರಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡಿದೆ, ಊಟ ಮಾಡಿಲ್ಲ, ಅಳುತ್ತಿದೆ ಎಂದು ಫೋನ್ ಬಂದಾಗ ನೈವೇದ್ಯ. ಈ ಹಂತದಲ್ಲಿ ಮನೆಯಲ್ಲಿ ಮರಿಗೆ ಹೆಸರಿಟ್ಟಾಗಿರುತ್ತದೆ, ಮಗಳೂ ಅಳುತ್ತಿರುತ್ತಾಳೆ. ದಕ್ಷಿಣೆ ಎಷ್ಟಾದರೂ ಹೋಗುತ್ತದೆ. 'ರೀಫಂಡ್ ಬೇಕಾದರೆ ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಎಂಬುದು ಮಹಾಮಂಗಳಾರತಿ. ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸುವುದಕ್ಕೆ. ಬರುವ ದುಡ್ಡಿಗೆ ಪಿನ್ ಬೇಕಾಗಿಲ್ಲ ಎಂಬ ಈ ಒಂದು ಸೂತ್ರ ಎಲ್ಲ ಎಂಜಿನಿಯರಿಂಗ್ ಪದವೀಧರರಿಗೂ ಗೊತ್ತು, ಅಳುವ ಮರಿಯ ವಿಡಿಯೊ ನೋಡುವವರೆಗೆ. ಕಡೆಗೆ ನಂಬರ್ ಬ್ಲಾಕ್ ಆಗುವುದೇ ವಿಸರ್ಜನೆ.

ಮರಿಯ ಫೋಟೊವನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡಿದರೆ ಅದೇ ಮರಿ ಇನ್ಯಾವುದೋ ದೇಶದಲ್ಲಿಯೂ ಮಾರಾಟಕ್ಕಿರುವುದು ಕಾಣಬಹುದು. ಪರಕಾಯ ಪ್ರವೇಶವನ್ನು ನಂಬದವರು ವಿಡಿಯೊ ಕಾಲ್ ಕೇಳಬಹುದು. ಕೇಳಿದ ಕೂಡಲೇ ಸೈನ್ಯಾಧಿಕಾರಿಯ ಕ್ಯಾಮೆರಾ ಕೆಟ್ಟಿರುತ್ತದೆ.

ಕಣ್ಣೆದುರಿಗೇ ಮಾರುವವನ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಅವನು ನಿಜ, ಮರಿಯೂ ನಿಜ. ಮನೆ ಮಾತ್ರ ಇಲ್ಲ. 'ನೀವು ಅಷ್ಟು ದೂರ ಯಾಕೆ ಬರ್ತೀರಾ ಸಾರ್, ಟೋಲ್ ಹತ್ರ ನಾನೇ ತಂದು ಕೊಡ್ತೀನಿ' ಎನ್ನುವ ಔದಾರ್ಯಕ್ಕೆ ಕಾರಣ, ಮರಿಯ ತಾಯಿ ಇರುವ ಜಾಗ ನೋಡುವಂತಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹಿಂದಿನವರು ಹೇಳಿದ್ದನ್ನು ನಾವು ಹೆಣ್ಣು ತರುವಾಗ ಬೇಡದಷ್ಟು ಪ್ರಯೋಗಿಸಿ, ನಾಯಿ ತರುವಾಗ ಪೂರ್ತಿ ಮರೆತಿದ್ದೇವೆ. ತಾಯಿನಾಯಿ ಅಂಜುಬುರುಕಿಯೋ, ಚರ್ಮ ಕೆರೆದುಕೊಳ್ಳುತ್ತಿದೆಯೋ, ಬೋನಿನಿಂದ ಹೊರಗೆ ಬಂದು ಎಷ್ಟು ದಿನವಾಯಿತೋ, ಇದನ್ನೆಲ್ಲ ನೋಡಿದರೆ ಮರಿಯ ಜಾತಕ ಅರ್ಧ ತಿಳಿದಂತೆ. ಇದು ಪ್ರತ್ಯಕ್ಷ ಪ್ರಮಾಣ. ಟೋಲ್ ಗೇಟಿನಲ್ಲಿ ಕೈಗೆ ಬಂದ ಮರಿ ಮೂರನೆಯ ದಿನವೋ ಏಳನೆಯ ದಿನವೋ ವಾಂತಿ ಮಾಡಿ ರಕ್ತಭೇದಿಗೆ ಬಿದ್ದರೆ ಅದು ಸಾಮಾನ್ಯವಾಗಿ ಪಾರ್ವೊ. ರೋಗಾಣು ಒಳಹೊಕ್ಕು ಲಕ್ಷಣ ಕಾಣಲು ಸರಿಸುಮಾರು ಅಷ್ಟೇ ದಿನ ಬೇಕು. ಅಂದರೆ ಅದು ಬಂದಿದ್ದು ಹೆಚ್ಚಾಗಿ ಮಾರಿದವನ ಗೂಡಿನಿಂದಲೇ. ಅವನು ಮಾತ್ರ 'ನಿಮ್ಮ ಮನೆ ನೀರು ಅದಕ್ಕೆ ಒಗ್ಗಲಿಲ್ಲ' ಎನ್ನುತ್ತಾನೆ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಸ್ಟಿಕರ್, ಬ್ಯಾಚ್ ಸಂಖ್ಯೆ, ಪಶುವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇಲ್ಲದಿದ್ದರೆ ಆ ಪುಸ್ತಕವನ್ನು ಸೃಜನಶೀಲ ಸಾಹಿತ್ಯವೆಂದು ತಿಳಿಯತಕ್ಕದ್ದು.

ಈ ಕ್ಷೇತ್ರದ ಮೂಲಗ್ರಂಥ ಯಾರೂ ಓದದ 2017ರ ನಾಯಿ ತಳಿವೃದ್ಧಿ ಮತ್ತು ಮಾರಾಟ ನಿಯಮಗಳು. ಇವು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಬಂದವು. ಬ್ರೀಡರ್ ಆದವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯನ್ನೂ ಎಂಟು ವರ್ಷ ದಾಟಿದ್ದನ್ನೂ ತಳಿಗೆ ಬಳಸುವಂತಿಲ್ಲ. ಒಂದರಿಂದ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಪಡೆಯುವಂತಿಲ್ಲ. 'ನಾವು ಹೋಮ್ ಬ್ರೀಡರ್ ಸಾರ್, ನಮಗೆ ಅದೆಲ್ಲ ಇಲ್ಲ' ಎಂಬ ಪೂರ್ವಪಕ್ಷ ನಿಲ್ಲುವುದಿಲ್ಲ, ಏಕೆಂದರೆ ಒಬ್ಬನೇ ವ್ಯಕ್ತಿಯಾದರೂ, ನಡುವಿನ ದಲ್ಲಾಳಿಯಾದರೂ ನಿಯಮದ ಪ್ರಕಾರ ಬ್ರೀಡರೇ. 'ಕೆಸಿಐ ಪೇಪರ್ ಇದೆಯಲ್ಲ' ಎಂಬ ಎರಡನೆಯ ಪೂರ್ವಪಕ್ಷವೂ ಹಾಗೆಯೇ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವುದು ವಂಶಾವಳಿಯನ್ನು; ಅದು ಸರ್ಕಾರಿ ಪರವಾನಗಿಯೂ ಅಲ್ಲ, ಸೊಂಟದ ಕೀಲಿಗೆ ಗ್ಯಾರಂಟಿಯೂ ಅಲ್ಲ. ಆದರೂ ವಂಶಾವಳಿಯನ್ನು ಓದಬೇಕು. ಅಪ್ಪನ ಅಪ್ಪನೂ ಅಮ್ಮನ ಅಪ್ಪನೂ ಒಬ್ಬನೇ ಎಂದು ಕಂಡುಬಂದರೆ ಅದು ಸಗೋತ್ರಕ್ಕಿಂತ ಕಡೆ. ಮದುವೆ ಮಾತಿನಲ್ಲಿ ಏಳು ತಲೆಮಾರು ಕೆದಕುವ ಜನ ಇಲ್ಲಿ ಎರಡನ್ನೂ ನೋಡುವುದಿಲ್ಲ.

ಹಾಗಾದರೆ ಸದ್ಬ್ರೀಡರ್ ಲಕ್ಷಣವೇನು? ಅವನು, ಎಷ್ಟೋ ಸಲ ಅವಳು, ಗಿರಾಕಿಯನ್ನು ಅವಮಾನಿಸುತ್ತಾಳೆ. 'ಹಗಲು ಮನೇಲಿ ಯಾರಿರ್ತಾರೆ?' 'ಯಾರೂ ಇಲ್ಲ ಮೇಡಂ, ಇಬ್ಬರೂ ಕೆಲಸಕ್ಕೆ ಹೋಗ್ತೀವಿ.' 'ಹಾಗಾದ್ರೆ ಬೇಡ.' ದುಡ್ಡು ಹಿಡಿದು ಬಂದವನಿಗೆ ಈ ಮಾತು ಮೈ ಉರಿಸುತ್ತದೆ. ಮೇಲಾಗಿ ಮರಿ ಈಗಿಲ್ಲ, ಮುಂದಿನ ಸೂಲಿಗೆ ಕಾಯಿರಿ ಎನ್ನುತ್ತಾಳೆ; ನಿಮ್ಮ ಕೈಲಾಗದಿದ್ದರೆ ನಾಯಿಯನ್ನು ನನಗೇ ವಾಪಸ್ ಕೊಡಬೇಕು ಎಂದು ಬರೆಸಿಕೊಳ್ಳುತ್ತಾಳೆ; ಹಸ್ಕಿ ಕೇಳಿದರೆ ನಿಮಗೆ ಬುದ್ಧಿ ಇದೆಯೇ ಎಂಬರ್ಥದ ಮುಖ ಮಾಡುತ್ತಾಳೆ. ಅವಮಾನದ ಪ್ರಮಾಣ ಹೆಚ್ಚಿದಷ್ಟೂ ಮರಿ ಗಟ್ಟಿ ಎಂಬುದು ನಮ್ಮ ಸಿದ್ಧಾಂತ. 'ಇವತ್ತೇ ಟೋಕನ್ ಹಾಕಿ, ಇನ್ನೊಂದು ಪಾರ್ಟಿ ಕಾಯ್ತಿದೆ' ಎನ್ನುವವನಲ್ಲಿ ಈ ಲಕ್ಷಣ ಲವಲೇಶವೂ ಕಾಣುವುದಿಲ್ಲ. ಅವನು ಬಹಳ ಮರ್ಯಾದಸ್ಥ.

ದೇಶೀಯವಾದಿಗಳು ಇಲ್ಲಿ ಮುಧೋಳವನ್ನು ಎತ್ತುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು. ಅದರ ತಳಿಗಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ. ಒಳ್ಳೆಯದೇ. ಆದರೆ ಓಡುವುದಕ್ಕೆ ಹುಟ್ಟಿದ ನಾಯಿಗೆ ಬಾಲ್ಕನಿ ಕೊಟ್ಟರೆ ಅದು ಸೋಫಾ ತಿನ್ನುತ್ತದೆ. ಕಡೆಯ ಆಕ್ಷೇಪ ಬೀದಿಯಿಂದ ಬರುತ್ತದೆ: ಧರ್ಮರಾಯನ ಹಿಂದೆ ಹೋದ ನಾಯಿಗೆ ಪೇಪರ್ ಇರಲಿಲ್ಲ, ಸ್ವರ್ಗದ ಬಾಗಿಲಲ್ಲೂ ಅವನು ಅದನ್ನು ಬಿಡಲಿಲ್ಲ, ನಮ್ಮ ಬೀದಿಯಲ್ಲೇ ಹುಟ್ಟಿದ ಮರಿಯನ್ನು ತಂದು ಸಾಕಬಾರದೇಕೆ? ಈ ಆಕ್ಷೇಪವನ್ನು ಒಪ್ಪಿದರೆ ಅಡ್ವಾನ್ಸಿಲ್ಲ, ಕೊರಿಯರಿಲ್ಲ, ತಾಯಿ ಎದುರಿಗೇ ಇದ್ದಾಳೆ. ಇಡೀ ಶಾಸ್ತ್ರವೇ ನಿರರ್ಥಕವಾಗುತ್ತದೆ. ಆದ್ದರಿಂದ ಶಾಸ್ತ್ರರಕ್ಷಣೆಯ ದೃಷ್ಟಿಯಿಂದ ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಿದ್ದೇವೆ.

ಪೂಜೆ ಈಗಾಗಲೇ ಮುಗಿಸಿದವರಿಗೆ ಪರಿಶಿಷ್ಟ: ಕೂಡಲೇ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿ. ಬೇಗ ತಿಳಿಸಿದರೆ ಹಣ ಹೋದ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. 1930ರ ಕಡೆಯವರು ಕೇಳುವುದು ನೀವು ಮರಿಗೆ ಇಟ್ಟ ಹೆಸರನ್ನಲ್ಲ, ಹನ್ನೆರಡು ಅಂಕಿಯ ಯುಟಿಆರ್ ನಂಬರನ್ನು.